ಚೀಟಿಯಲ್ಲಿ ಹೆಸರಿಲ್ಲದವನು

1969ರಲ್ಲಿ ಅಮೆರಿಕ ಎರಡು ಸಲ ತೀರ್ಪನ್ನು ಅದೃಷ್ಟದ ಕೈಗೆ ಬಿಟ್ಟಿತು. ಮಾರ್ಚ್ ತಿಂಗಳಲ್ಲಿ ಎನ್‌ಬಿಎ ಎಂಬ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನ ಕಮಿಷನರ್ ವಾಲ್ಟರ್ ಕೆನಡಿ ಒಂದು ನಾಣ್ಯ ಚಿಮ್ಮಿದರು. ಪೂರ್ವ ಮತ್ತು ಪಶ್ಚಿಮ ವಿಭಾಗಗಳಲ್ಲಿ ಕಟ್ಟಕಡೆಗೆ ನಿಂತಿದ್ದ ಮಿಲ್ವಾಕಿ ಮತ್ತು ಫೀನಿಕ್ಸ್ ತಂಡಗಳ ಪೈಕಿ ಯಾರು ಮೊದಲು ಆಟಗಾರನನ್ನು ಆಯಬೇಕು ಎಂಬುದು ಅದರಿಂದ ನಿರ್ಧಾರವಾಗಬೇಕಿತ್ತು. ಫೀನಿಕ್ಸ್ ಹೆಡ್ ಕೇಳಿತು, ಬಿದ್ದದ್ದು ಟೇಲ್. ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಮನೆಮಾತಾಗಿದ್ದ ಲ್ಯೂ ಆಲ್ಸಿಂಡರ್, ಅಂದರೆ ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರಾದವರು, ಮಿಲ್ವಾಕಿಯ ಪಾಲಾದರು; ಎರಡೇ ವರ್ಷದಲ್ಲಿ ಆ ತಂಡ ಚಾಂಪಿಯನ್ ಆಯಿತು. ಅದೇ ವರ್ಷದ ಡಿಸೆಂಬರ್ 1ರಂದು ವಾಷಿಂಗ್ಟನ್ನಿನಲ್ಲಿ ಗಾಜಿನ ಪಾತ್ರೆಯೊಂದರಿಂದ 366 ನೀಲಿ ಗುಳಿಗೆಗಳನ್ನು ಒಂದೊಂದಾಗಿ ಎತ್ತಲಾಯಿತು. ಒಂದೊಂದರಲ್ಲೂ ವರ್ಷದ ಒಂದು ದಿನಾಂಕ. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ಯುವಕರು ವಿಯೆಟ್ನಾಂ ಯುದ್ಧದ ಸೇನಾ ಭರ್ತಿಯ ಸಾಲಿನಲ್ಲಿ ಮೊದಲು ನಿಲ್ಲಬೇಕಾಯಿತು. ಗುಳಿಗೆಗಳನ್ನು ಸರಿಯಾಗಿ ಕಲಸಿರಲಿಲ್ಲ, ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ಸರದಿ ಬೇಗ ಬಂತು ಎಂದು ಸಂಖ್ಯಾಶಾಸ್ತ್ರಜ್ಞರು ಆಮೇಲೆ ತೋರಿಸಿಕೊಟ್ಟರು. ಯುದ್ಧವನ್ನೂ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಆದರೆ ಈ ಎರಡು ಘಟನೆಗಳ ರಚನೆಯಲ್ಲಿ ಒಂದು ವ್ಯತ್ಯಾಸವಿದೆ. ಡಿಸೆಂಬರಿನ ಪಾತ್ರೆಯಲ್ಲಿದ್ದದ್ದು ಫಲ ಉಣ್ಣಬೇಕಾದವರದೇ ಜನ್ಮದಿನಗಳು. ಮಾರ್ಚಿನ ನಾಣ್ಯದ ಎರಡು ಮುಖಗಳಲ್ಲಿದ್ದದ್ದು ಎರಡು ಕಂಪನಿಗಳು. ಆಲ್ಸಿಂಡರ್ ಅಲ್ಲಿ ಪಾಲುದಾರರಾಗಿರಲಿಲ್ಲ, ಪಾಲಾಗಿದ್ದರು.

ಚೀಟಿ ಎತ್ತುವುದು ಯಾವಾಗ ನ್ಯಾಯವಾಗುತ್ತದೆ, ಮತ್ತು ಅದು ಯಾರ ಯಾರ ನಡುವಿನ ನ್ಯಾಯ? ಧರ್ಮಶಾಸ್ತ್ರಜ್ಞರೂ ದಾರ್ಶನಿಕರೂ ಸಾವಿರಾರು ವರ್ಷಗಳಿಂದ ಕೇಳಿಕೊಂಡು ಬಂದ ಪ್ರಶ್ನೆ ಇದು. ಎನ್‌ಬಿಎ ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಬಿಡದೆ, ಎಲ್ಲರ ಕಣ್ಣೆದುರು, ಮುಕ್ಕಾಲು ಶತಮಾನ ಪ್ರಯೋಗಕ್ಕೆ ಒಡ್ಡಿದೆ. ಅದರ ವಾರ್ಷಿಕ ಡ್ರಾಫ್ಟ್ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಕಾಲೇಜುಗಳಿಂದ, ಹೊರದೇಶಗಳಿಂದ ಬರುವ ಹೊಸ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನಾಗಿ ಹೆಸರಿಸುತ್ತವೆ. ಹೆಸರಿಸಿದ ಮೇಲೆ ಆ ಹುಡುಗ ಆ ಲೀಗಿನಲ್ಲಿ ಒಪ್ಪಂದದ ಮಾತಾಡಬಹುದಾದದ್ದು ಆ ಒಂದು ತಂಡದ ಜೊತೆ ಮಾತ್ರ. ನನ್ನ ವಾದ ಇದು: ತಂಡಗಳ ನಡುವೆ ಚೀಟಿ ಎತ್ತುವ ಪದ್ಧತಿ ಹುಚ್ಚಾಟವೇನಲ್ಲ, ಅದರ ಹಿಂದೆ ಗಟ್ಟಿಯಾದ ನೈತಿಕ ಕಾರಣವಿದೆ. ಆದರೆ ಆ ಕಾರಣ ಚೀಟಿಯಲ್ಲಿ ಹೆಸರಿಲ್ಲದವನನ್ನು, ಅಂದರೆ ಆಟಗಾರನನ್ನು, ಕಟ್ಟಿಹಾಕುವುದಕ್ಕೆ ಸಾಲುವುದಿಲ್ಲ.

ಅಣ್ಣತಮ್ಮಂದಿರು ಹಿಸೆಯಾಗುವಾಗ ಏನು ಮಾಡುತ್ತಾರೆ ಎನ್ನುವುದರಿಂದ ಹೊರಡೋಣ. ಊರಿನ ಹಿರಿಯರು ಕೂತು ಗದ್ದೆ, ಹೊಲ, ತೋಟ, ಬಾವಿಗಳನ್ನು ಆದಷ್ಟು ಸಮನಾಗಿ ಭಾಗ ಮಾಡುತ್ತಾರೆ. ಒಬ್ಬನಿಗೆ ಸಾಲ ಹೆಚ್ಚಿದ್ದರೆ, ಇನ್ನೊಬ್ಬನ ಮಗಳ ಮದುವೆ ಬಾಕಿ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ವಾದವೆಲ್ಲ ಮುಗಿದು, ಇನ್ನು ಯಾವ ಭಾಗ ಯಾರಿಗೆ ಎಂದು ಹೇಳಲು ಯಾರ ಬಳಿಯೂ ಕಾರಣ ಉಳಿಯದಿದ್ದಾಗ ಒಂದು ಮಗುವಿನ ಕೈಯಲ್ಲಿ ಚೀಟಿ ಎತ್ತಿಸುತ್ತಾರೆ. ಅಲ್ಲಿ ಚೀಟಿ ವಿವೇಕದ ಬದಲಿಗೆ ಬಂದದ್ದಲ್ಲ, ವಿವೇಕ ತನ್ನ ಕೆಲಸ ಮುಗಿಸಿದ ಮೇಲೆ ಬಂದದ್ದು. 13ನೇ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ಚೀಟಿಯನ್ನು ಮೂರು ಬಗೆ ಮಾಡಿದರು: ಹಂಚಿಕೆಗಾಗಿ ಎತ್ತುವುದು, ಏನು ಮಾಡಬೇಕೆಂದು ಕೇಳಲು ಎತ್ತುವುದು, ಮುಂದೇನಾಗುತ್ತದೆಂದು ತಿಳಿಯಲು ಎತ್ತುವುದು. ನಮ್ಮ ದೇವಸ್ಥಾನಗಳಲ್ಲಿ ಹೂ ಪ್ರಸಾದ ಕೇಳಿ, ಬಲಕ್ಕೆ ಬಿದ್ದರೆ ದೇವರ ಒಪ್ಪಿಗೆ ಎಂದುಕೊಳ್ಳುವುದು ಎರಡನೆಯ ಬಗೆಗೆ ಸೇರುತ್ತದೆ; ಅಲ್ಲಿ ಹೂವಿಗೆ ಒಂದು ಉತ್ತರ ಗೊತ್ತಿದೆ ಎಂಬ ನಂಬಿಕೆ ಇದೆ. ಹಿಸೆಯ ಚೀಟಿ ಮೊದಲನೆಯದು. ಅದಕ್ಕೆ ಏನೂ ಗೊತ್ತಿಲ್ಲ, ಏನೂ ಗೊತ್ತಿಲ್ಲದಿರುವುದೇ ಅದರ ಯೋಗ್ಯತೆ. ಇಂಗ್ಲೆಂಡಿನ ಪಾದ್ರಿ ಥಾಮಸ್ ಗ್ಯಾಟಕರ್ 1619ರಲ್ಲಿ ಚೀಟಿಯ ಬಗ್ಗೆಯೇ ಒಂದು ಗ್ರಂಥ ಬರೆದು, ಪ್ರತಿ ಚೀಟಿಯಲ್ಲೂ ದೇವರು ವಿಶೇಷವಾಗಿ ಕೈಯಾಡಿಸುತ್ತಾನೆ ಎಂಬ ತನ್ನ ಕಾಲದ ಧರ್ಮನಿಷ್ಠರ ನಂಬಿಕೆಯನ್ನು ಅಲ್ಲಗಳೆದರು.

ಈ ಮೊದಲ ಬಗೆಯ ಚೀಟಿಯ ಹಳೆಯ ನಿದರ್ಶನಗಳನ್ನು ನೋಡಿದರೆ ಎರಡು ಲಕ್ಷಣಗಳು ಮತ್ತೆ ಮತ್ತೆ ಕಾಣುತ್ತವೆ. ತಮಿಳುನಾಡಿನ ಉತ್ತಿರಮೇರೂರಿನಲ್ಲಿ, 10ನೇ ಶತಮಾನದ ಆರಂಭದ ಚೋಳ ದೊರೆ ಪರಾಂತಕನ ಕಾಲದ ಶಾಸನಗಳು ಊರಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ವಿವರಿಸುತ್ತವೆ. ವಯಸ್ಸು, ಜಮೀನು, ವಿದ್ಯೆ ಎಲ್ಲವನ್ನೂ ನೋಡಿ, ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವರನ್ನು ಹೊರಗಿಟ್ಟು, ಉಳಿದ ಅರ್ಹರ ಹೆಸರನ್ನು ತಾಳೆಗರಿಯಲ್ಲಿ ಬರೆದು ಮಡಕೆಗೆ ಹಾಕಬೇಕು; ಏನೂ ತಿಳಿಯದ ಒಬ್ಬ ಹುಡುಗ ಅದರಿಂದ ಒಂದನ್ನು ತೆಗೆಯಬೇಕು. (ಅರ್ಹರ ಪಟ್ಟಿಯಿಂದ ಊರಿನ ಬಹುಪಾಲು ಜನ ಮೊದಲೇ ಹೊರಗೆ ಉಳಿದಿದ್ದರು ಎನ್ನುವುದನ್ನು ಮರೆತು ಇದನ್ನು ಪ್ರಜಾಪ್ರಭುತ್ವವೆಂದು ಹೊಗಳುವವರು ಸ್ವಲ್ಪ ತಡೆದು ಮಾತಾಡುವುದು ಒಳ್ಳೆಯದು.) ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ ಯೂದನ ತೆರವಾದ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದೂ ಹೀಗೆಯೇ: ಮೊದಲು ಯೋಗ್ಯರಾದ ಇಬ್ಬರನ್ನು ಗುರುತಿಸಿದರು, ಅವರಿಬ್ಬರ ನಡುವೆ ಮಾತ್ರ ಚೀಟಿ ಹಾಕಿದರು. ನಮ್ಮ ಜನತಾ ಪ್ರಾತಿನಿಧ್ಯ ಕಾಯ್ದೆಯೂ ಇಬ್ಬರು ಅಭ್ಯರ್ಥಿಗಳಿಗೆ ಸಮ ಮತ ಬಂದಾಗ ಚೀಟಿಯನ್ನೇ ಮೊರೆಹೋಗುತ್ತದೆ. ಕಾರಣಗಳು ತೀರಿದ ಮೇಲೆ ಮಾತ್ರ ಚೀಟಿ. ಮತ್ತು ಮಡಕೆಯಲ್ಲಿರುವುದು ಫಲವನ್ನು ಪಡೆಯುವವರ ಹೆಸರೇ. ಬಾಸ್ಕೆಟ್‌ಬಾಲ್ ಡ್ರಾಫ್ಟ್ ಈ ಎರಡರಲ್ಲಿ ಮೊದಲನೆಯದನ್ನು ಬಹಳ ಕಷ್ಟಪಟ್ಟು ಕಲಿತುಕೊಂಡಿತು. ಎರಡನೆಯದರ ತಂಟೆಗೇ ಹೋಗಲಿಲ್ಲ.

ಡ್ರಾಫ್ಟ್ ಹುಟ್ಟಿದ್ದು ಅದೃಷ್ಟದಿಂದಲ್ಲ, ಅನುಕಂಪದ ಹೆಸರಿನಲ್ಲಿ. ಅಮೆರಿಕನ್ ಫುಟ್‌ಬಾಲ್ ಲೀಗಿನಲ್ಲಿ ಸದಾ ಸೋಲುತ್ತಿದ್ದ ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್, ಸೋತವರಿಗೆ ಮೊದಲ ಆಯ್ಕೆ ಸಿಗಲಿ ಎಂದು ಸೂಚಿಸಿದರು. 1936ರಲ್ಲಿ ಅದು ಜಾರಿಗೆ ಬಂತು. ಅಲ್ಲಿ ಮೊತ್ತಮೊದಲು ಆಯ್ಕೆಯಾದ ಜೇ ಬರ್ವಾಂಗರ್ ವೃತ್ತಿಪರ ಫುಟ್‌ಬಾಲೇ ಬೇಡವೆಂದು ಬೇರೆ ಕೆಲಸ ಹಿಡಿದರು. ಎನ್‌ಬಿಎಯ ಪೂರ್ವರೂಪವಾದ ಬಿಎಎ 1947ರಲ್ಲಿ ಇದೇ ಪದ್ಧತಿ ತಂದಾಗ ಪಿಟ್ಸ್‌ಬರ್ಗ್ ತಂಡ ಮೊದಲಿಗೆ ಕ್ಲಿಫ್ಟನ್ ಮೆಕ್‌ನೀಲಿಯವರನ್ನು ಆರಿಸಿತು. ಅವರೂ ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡದೆ ಟೆಕ್ಸಸ್ಸಿನಲ್ಲಿ ಶಾಲಾ ಹುಡುಗರಿಗೆ ಕೋಚ್ ಆದರು. ಆರಿಸಿದ ತಂಡವೇ ಮುಂದಿನ ಋತುವಿಗೆ ಮೊದಲು ಮುಚ್ಚಿಹೋಯಿತು. ಎರಡೂ ಕಡೆ ಮೊದಲ ಆಯ್ಕೆಯಾದವರು ಒಲ್ಲೆ ಎಂದದ್ದು ಕಾಕತಾಳೀಯ. ಆದರೂ ಇತಿಹಾಸ ಆರಂಭದಲ್ಲೇ ಒಂದು ಟಿಪ್ಪಣಿ ಬರೆದಿಟ್ಟಂತೆ ಕಾಣುತ್ತದೆ.

ಅನುಕಂಪ ಒಂದು ಮಾನದಂಡವಾದರೆ, 1949ರಿಂದ 1965ರವರೆಗೆ ಅದರ ಪಕ್ಕದಲ್ಲೇ ಇನ್ನೊಂದಿತ್ತು, ಊರಿನ ನಂಟು. ತನ್ನ ಊರಿನ 50 ಮೈಲಿಯೊಳಗಿನ ಆಟಗಾರನೊಬ್ಬನನ್ನು ಒಂದು ತಂಡ ತನ್ನ ಮೊದಲ ಸುತ್ತಿನ ಆಯ್ಕೆ ಬಿಟ್ಟುಕೊಟ್ಟು ನೇರವಾಗಿ ತೆಗೆದುಕೊಳ್ಳಬಹುದಿತ್ತು. ಕಾರಣದಲ್ಲಿ ಗುಟ್ಟೇನಿಲ್ಲ, ಕಾಲೇಜಿನಲ್ಲಿ ಹೆಸರು ಮಾಡಿದ ಊರ ಹುಡುಗನನ್ನು ನೋಡಲು ಜನ ಟಿಕೆಟ್ ಕೊಳ್ಳುತ್ತಿದ್ದರು. 1959ರಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ವಿಲ್ಟ್ ಚೇಂಬರ್ಲೇನ್ ಅವರನ್ನು ಹೀಗೆ ಪಡೆಯಿತು. ಅವರು ಆಡಿದ್ದು ದೂರದ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ; ಓದಿದ ಹೈಸ್ಕೂಲು ಫಿಲಡೆಲ್ಫಿಯಾದ್ದು ಎಂಬ ಆಧಾರದ ಮೇಲೆ ಅವರನ್ನು ಊರಿನವರೆಂದು ಎಣಿಸಲಾಯಿತು. ಈ ಚೇಂಬರ್ಲೇನ್ ಹದಿನೈದು ವರ್ಷಗಳ ನಂತರ ತತ್ವಶಾಸ್ತ್ರದ ಪುಸ್ತಕವೊಂದರಲ್ಲಿ ಕಾಣಿಸಿಕೊಂಡರು. ಹಾರ್ವರ್ಡಿನ ರಾಬರ್ಟ್ ನೋಝಿಕ್ 1974ರ ತಮ್ಮ ಗ್ರಂಥದಲ್ಲಿ ಕೇಳುತ್ತಾರೆ: ಚೇಂಬರ್ಲೇನ್ ಆಟ ನೋಡಲು ಹತ್ತು ಲಕ್ಷ ಜನ ತಲಾ 25 ಸೆಂಟನ್ನು ತಾವಾಗಿಯೇ ಕೊಟ್ಟರೆ, ಅವರ ಕೈಸೇರುವ ಎರಡೂವರೆ ಲಕ್ಷ ಡಾಲರ್ ಅನ್ಯಾಯದ್ದಾಗುವುದು ಹೇಗೆ? ಸ್ವಾತಂತ್ರ್ಯ ಸಮಾನ ಹಂಚಿಕೆಯನ್ನು ಸದಾ ಕದಡುತ್ತದೆ ಎನ್ನುವುದು ಅವರ ವಾದ. ಈ ಉದಾಹರಣೆಯನ್ನು ಲೆಕ್ಕವಿಲ್ಲದಷ್ಟು ವಿದ್ಯಾರ್ಥಿಗಳು ಓದಿದ್ದಾರೆ. ಅದರಲ್ಲಿ ಕಂಸದೊಳಗೆ ಒಂದು ಸಣ್ಣ ಊಹೆ ಇದೆ: ಒಪ್ಪಂದಗಳು ಒಂದು ವರ್ಷದ್ದು, ಆಟಗಾರರು ಯಾವ ತಂಡಕ್ಕಾದರೂ ಹೋಗಲು ಸ್ವತಂತ್ರರು ಎಂದು ಇಟ್ಟುಕೊಳ್ಳೋಣ, ಎಂಬುದು. ಹಾಗೆ ಊಹಿಸಿಕೊಳ್ಳದೆ ಅವರ ವಾದ ನಡೆಯುತ್ತಿರಲಿಲ್ಲ. ನಿಜವಾದ ಚೇಂಬರ್ಲೇನ್ ಶಾಲೆ ಓದಿದ ಊರಿನ ಕಾರಣಕ್ಕೆ ಒಂದು ತಂಡದ ಆಸ್ತಿಯಾಗಿ ಎನ್‌ಬಿಎಗೆ ಕಾಲಿಟ್ಟವರು. ಸ್ವಾತಂತ್ರ್ಯದ ಪರವಾಗಿ ಕೊಟ್ಟ ಅತಿ ಪ್ರಸಿದ್ಧ ಉದಾಹರಣೆಯ ನಾಯಕನಿಗೆ ಆ ಸ್ವಾತಂತ್ರ್ಯವೇ ಇರಲಿಲ್ಲ.

ಊರಿನ ನಂಟಿನ ನಿಯಮ ಹೋಗಿ 1966ರಲ್ಲಿ ನಾಣ್ಯ ಬಂತು, ನಾಣ್ಯದ ಜೊತೆ ಮೊದಲ ಬಾರಿಗೆ ಅದೃಷ್ಟ. ಎರಡು ವಿಭಾಗಗಳ ಕಡೆಯ ತಂಡಗಳ ನಡುವೆ ಟಾಸ್. 1979ರಲ್ಲಿ ಷಿಕಾಗೊ ಸೋತು ಲೇಕರ್ಸ್ ಮ್ಯಾಜಿಕ್ ಜಾನ್ಸನ್ ಅವರನ್ನು ಪಡೆದದ್ದು ಹೀಗೆ. ಇಲ್ಲಿ ಅನುಕಂಪದ ನಿಯಮಕ್ಕೆ ಇರುವ ಹಳೆಯ ಕಾಯಿಲೆ ತಲೆ ಎತ್ತಿತು. ದುರ್ಬಲನಿಗೆ ಬಹುಮಾನ ಎಂದು ಸಾರಿದರೆ, ದುರ್ಬಲನಾಗಿ ಕಾಣಲು ಪೈಪೋಟಿ ಶುರುವಾಗುತ್ತದೆ. ಹ್ಯೂಸ್ಟನ್ 1983ರಲ್ಲಿ ಟಾಸ್ ಗೆದ್ದು ರಾಲ್ಫ್ ಸ್ಯಾಂಪ್ಸನ್ ಅವರನ್ನು ಪಡೆದಿತ್ತು. ಮರುವರ್ಷ ಋತುವಿನ ಕೊನೆಯಲ್ಲಿ ಬೇಕೆಂದೇ ಸೋಲುತ್ತಿದೆ ಎಂಬ ಆರೋಪ ಹೊತ್ತು, ಮತ್ತೆ ಕಡೆಗೆ ಬಂದು, ಮತ್ತೆ ಟಾಸ್ ಗೆದ್ದು ಹಕೀಮ್ ಒಲಾಜುವನ್ ಅವರನ್ನು ಪಡೆಯಿತು. ದಾನದ ಬಗ್ಗೆ ನಮ್ಮ ಪರಂಪರೆ ದೇಶ, ಕಾಲ, ಪಾತ್ರ ನೋಡಿ ಕೊಡಬೇಕೆಂದು ಹೇಳುವಾಗ ಎದುರಿಟ್ಟುಕೊಂಡಿದ್ದ ಸಮಸ್ಯೆ ಇದೇ. ಪಾತ್ರನನ್ನು ಗುರುತಿಸಲು ಒಂದು ಹೊರಚಿಹ್ನೆ ಬೇಕು. ಚಿಹ್ನೆ ಇದೆ ಎಂದು ಗೊತ್ತಾದ ಕೂಡಲೇ ಅದನ್ನು ಧರಿಸಿಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ.

ಲೀಗಿನ ಉತ್ತರ 1985ರ ಲಾಟರಿ. ಪ್ಲೇಆಫ್ ತಲುಪದ ಏಳೂ ತಂಡಗಳಿಗೆ ಸಮಾನ ಅವಕಾಶ. ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಒಂದು ಪಾರದರ್ಶಕ ಉರುಳೆಗೆ ಏಳು ಲಕೋಟೆ ಹಾಕಿ ಕಮಿಷನರ್ ಡೇವಿಡ್ ಸ್ಟರ್ನ್ ಎತ್ತಿದರು. ಪ್ಯಾಟ್ರಿಕ್ ಯೂಯಿಂಗ್ ಅವರನ್ನು ಆಯುವ ಮೊದಲ ಸ್ಥಾನ ನ್ಯೂಯಾರ್ಕ್ ತಂಡಕ್ಕೇ ಹೋಯಿತು. ಇಡೀ ಲೀಗಿನಲ್ಲಿ ಅತಿ ಹೆಚ್ಚು ಸೋತವರ ಪೈಕಿ ಇದ್ದ, 22 ಗೆದ್ದು 60 ಸೋತ ಗೋಲ್ಡನ್ ಸ್ಟೇಟ್‌ಗೆ ಸಿಕ್ಕಿದ್ದು ಏಳನೆಯ ಸ್ಥಾನ. ನ್ಯೂಯಾರ್ಕಿನ ಲಕೋಟೆಯ ಮೂಲೆ ಮಡಿಸಿತ್ತು, ಅದನ್ನು ಫ್ರೀಜರಿನಲ್ಲಿ ಇಟ್ಟು ತಣ್ಣಗೆ ಮಾಡಿದ್ದರು, ಸ್ಟರ್ನ್ ಮುಟ್ಟಿ ಗುರುತಿಸಿದರು ಎಂಬ ಮಾತು ಇಂದಿಗೂ ಸತ್ತಿಲ್ಲ. ಪುರಾವೆ ಏನೂ ಇಲ್ಲ. ಆದರೆ ಈ ಗುಮಾನಿ ಧಾರ್ಮಿಕ ಮನಸ್ಸಿನ ಒಂದು ಗುಣವನ್ನು ತೋರಿಸುತ್ತದೆ. ದೊಡ್ಡ ಪರಿಣಾಮ ಬೀರುವ ಘಟನೆಯ ಹಿಂದೆ ಯಾವ ಕೈಯೂ ಇಲ್ಲ ಎಂದು ಒಪ್ಪಿಕೊಳ್ಳುವುದು ನಮಗೆ ಅಸಾಧ್ಯದಷ್ಟು ಕಷ್ಟ. ಭಕ್ತ ದೇವರ ಕೈ ಕಾಣುತ್ತಾನೆ, ಅಭಿಮಾನಿ ಕಮಿಷನರನ ಕೈ ಕಾಣುತ್ತಾನೆ. ಈಗಿನ ವಿಧಾನವೆಲ್ಲ ಆ ಕೈಯನ್ನು ಅಳಿಸುವ ಪ್ರಯತ್ನ. 14 ಚೆಂಡುಗಳ ಯಂತ್ರದಿಂದ ನಾಲ್ಕನ್ನು ತೆಗೆಯುತ್ತಾರೆ. ಅದರಿಂದ 1,001 ಜೋಡಣೆ ಸಾಧ್ಯ, 1,000 ಹಂಚಿ ಒಂದನ್ನು ಬಿಡುತ್ತಾರೆ. ಯಂತ್ರಕ್ಕೆ ಬೆನ್ನು ಹಾಕಿ ನಿಂತವನೊಬ್ಬ ಸಮಯ ನೋಡಿ ಸನ್ನೆ ಕೊಟ್ಟಾಗ ಚೆಂಡು ಹೊರಬರುತ್ತದೆ. ಉತ್ತಿರಮೇರೂರಿನ ಏನೂ ತಿಳಿಯದ ಹುಡುಗನ ಕೆಲಸವನ್ನು ಈಗ ಆ ಬೆನ್ನು ಮಾಡುತ್ತಿದೆ.

ಸಮಾನ ಲಾಟರಿ ಮೋಸವನ್ನು ತಡೆಯಿತು, ಅನುಕಂಪವನ್ನು ಕೊಂದಿತು. ಹಾಗಾಗಿ 1990ರಲ್ಲಿ ತೂಕ ಬಂತು: 11 ತಂಡಗಳಿಗೆ ಒಟ್ಟು 66 ಅವಕಾಶ, ಅತಿ ಕಡೆಯವರಿಗೆ 11, ಮೇಲಿನವರಿಗೆ 1. ಹಿಂದಿನ ವರ್ಷವಷ್ಟೇ ಷಕೀಲ್ ಓನೀಲ್ ಅವರನ್ನು ಪಡೆದಿದ್ದ, 41 ಗೆದ್ದು 41 ಸೋತ ಒರ್ಲ್ಯಾಂಡೊ 1993ರಲ್ಲಿ ಆ 66ರಲ್ಲಿ ಒಂದರ ಅವಕಾಶದಿಂದ ಮತ್ತೆ ಮೊದಲ ಸ್ಥಾನ ಗೆದ್ದಿತು. ಗಲಾಟೆಯಾಯಿತು. 1994ರಿಂದ ಅತಿ ಕಡೆಯ ತಂಡಕ್ಕೆ ಶೇ 25ರಷ್ಟು ಅವಕಾಶ. ಆಗ ಲೋಲಕ ಮತ್ತೆ ಬೇಕೆಂದೇ ಸೋಲುವ ಕಡೆ ತೂಗಿತು. ಫಿಲಡೆಲ್ಫಿಯಾದಲ್ಲಿ 2013ರಲ್ಲಿ ಸ್ಯಾಮ್ ಹಿಂಕಿ ತಂಡದ ಆಡಳಿತ ವಹಿಸಿಕೊಂಡು, ಸೋಲನ್ನೇ ಯೋಜನೆಯಾಗಿ ಹಾಕಿಕೊಂಡರು. 2015–16ರಲ್ಲಿ ತಂಡ ಗೆದ್ದದ್ದು 10, ಸೋತದ್ದು 72. ಇದರ ನೈತಿಕ ಸ್ವರೂಪ ವಿಚಿತ್ರ. ಅಂಗಳದಲ್ಲಿ ಯಾವ ಆಟಗಾರನೂ ಬೇಕೆಂದು ಸೋಲಲಿಲ್ಲ, ಒಬ್ಬೊಬ್ಬನೂ ಬೆವರು ಹರಿಸಿದ. ಯಾರು ಅಂಗಳಕ್ಕೆ ಇಳಿಯಬೇಕು ಎಂದು ಕಚೇರಿಯಲ್ಲಿ ಕೂತು ನಿರ್ಧರಿಸಿದವರು ನಿಯಮಗಳನ್ನು ಮುರಿಯಲಿಲ್ಲ, ಅಕ್ಷರಶಃ ಪಾಲಿಸಿದರು. ಕರ್ತೃವೇ ಸಿಗದ ಪಾಪ ಇದು. ಪಾಪದ ಬೇರು ನಿಯಮದಲ್ಲಿತ್ತು. 2014ರಲ್ಲಿ ನಿಯಮ ಬದಲಿಸಲು ಹೊರಟಾಗ ಬೇಕಾದ 23 ಮತ ಸಿಗದೆ 17–13ಕ್ಕೆ ನಿಂತುಹೋಯಿತು. 2017ರಲ್ಲಿ ಒಂದೇ ತಂಡ ವಿರೋಧಿಸಿ ಇನ್ನೊಂದು ತಟಸ್ಥವಾಗಿ ಉಳಿದು ಅಂಗೀಕಾರವಾಯಿತು. 2019ರಿಂದ ಅತಿ ಕಡೆಯ ಮೂರೂ ತಂಡಗಳಿಗೆ ತಲಾ ಶೇ 14. ಆಮೇಲೆ 28 ಪಂದ್ಯ ಸತತವಾಗಿ ಸೋತ ಡೆಟ್ರಾಯ್ಟ್ 2024ರಲ್ಲಿ ಐದನೆಯ ಸ್ಥಾನಕ್ಕೆ ಜಾರಿತು, ಶೇ 1.8 ಅವಕಾಶವಿದ್ದ ಡಲ್ಲಾಸ್ 2025ರಲ್ಲಿ ಗೆದ್ದು ಕೂಪರ್ ಫ್ಲ್ಯಾಗ್ ಅವರನ್ನು ಪಡೆಯಿತು.

ಈ ತಿದ್ದುಪಡಿಗಳ ಸಾಲನ್ನು ಗೊಂದಲವೆಂದು ನಗುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಕಾರಣಗಳು ತೀರಿದ ಮೇಲೆ ಚೀಟಿ ಎಂಬ ಹಳೆಯ ತತ್ವದ ಜೊತೆ ಇಲ್ಲಿ ಇನ್ನೊಂದು ತತ್ವ ಸೇರಿಕೊಂಡಿದೆ: ಕಾರಣ ಇದೆ, ಆದರೆ ಆ ಕಾರಣವನ್ನು ಯಾರಾದರೂ ನಟಿಸಿ ತೋರಿಸಬಲ್ಲರು ಎಂದಾದರೆ, ಅದನ್ನು ಅರ್ಧ ಕತ್ತಲಲ್ಲಿ ಇಡಬೇಕು. ಅಗತ್ಯವಿದ್ದವನಿಗೆ ಕೊಡುವ ಸಂಭವ ಹೆಚ್ಚಿರಲಿ, ಖಾತ್ರಿ ಇರದಿರಲಿ. ಖಾತ್ರಿ ಇಲ್ಲದ ಕಡೆ ಬಡತನದ ವೇಷ ಹಾಕುವುದು ನಷ್ಟದ ವ್ಯಾಪಾರ. ಶೇ 25ರಿಂದ 14ಕ್ಕೆ ಇಳಿಸುವುದು ಅನುಕಂಪ ಮತ್ತು ಅನುಮಾನಗಳ ನಡುವಿನ ಚೌಕಾಸಿ. ಆ ಸಂಖ್ಯೆ ಎಂದೂ ಪೂರ್ತಿ ಸರಿಹೋಗಲಾರದು, ಯಾಕೆಂದರೆ ಎರಡೂ ಬೇಡಿಕೆಗಳು ನಿಜ. ತಂಡಗಳ ಮಟ್ಟಿಗೆ ಈ ವ್ಯವಸ್ಥೆ ನ್ಯಾಯಕ್ಕೆ ಹತ್ತಿರ ಎಂದು ಒಪ್ಪಲು ನನಗೆ ತಕರಾರಿಲ್ಲ. ಮಡಕೆಯಲ್ಲಿ ಅವರ ಹೆಸರಿದೆ, ನಿಯಮಕ್ಕೆ ಅವರೇ ಮತ ಹಾಕಿದ್ದಾರೆ, ಈ ವರ್ಷ ಕಳೆದುಕೊಂಡವರು ಮುಂದಿನ ವರ್ಷ ಮತ್ತೆ ಬರುತ್ತಾರೆ. ಆಟಗಾರನಿಗೆ ಇದರಲ್ಲಿ ಯಾವುದೂ ಇಲ್ಲ. ಅವನು ಒಂದೇ ಸಲ ಬರುತ್ತಾನೆ.

ಜಾನ್ ರಾಲ್ಸ್ ಅವರ 1971ರ ನ್ಯಾಯಸಿದ್ಧಾಂತ ಇಲ್ಲಿ ನೆನಪಾಗಬೇಕು. ನೋಝಿಕ್ ಎದುರು ಹಾಕಿಕೊಂಡದ್ದೂ ಅದನ್ನೇ. ಹುಟ್ಟಿನಿಂದ ಬಂದ ಪ್ರತಿಭೆಗೆ ಯಾರೂ ಅರ್ಹತೆಯಿಂದ ಹಕ್ಕುದಾರರಲ್ಲ, ಏಳಡಿ ಎತ್ತರ ಯಾರ ಸಾಧನೆಯೂ ಅಲ್ಲ. ಪ್ರತಿಭೆಗಳ ಹಂಚಿಕೆಯನ್ನು ಒಂದು ಬಗೆಯಲ್ಲಿ ಎಲ್ಲರ ಸೊತ್ತೆಂದು ನೋಡಿ, ಅದರ ಲಾಭ ಅತಿ ಕೆಳಗಿನವರಿಗೂ ಮುಟ್ಟುವಂತೆ ಮಾಡಬೇಕು ಎಂದರು ಅವರು. ಡ್ರಾಫ್ಟ್ ಈ ಮಾತಿನ ಅಣಕದಂತೆ ಕಾಣುತ್ತದೆ. ಅದು ಪ್ರತಿಭೆಯನ್ನು ನಿಜಕ್ಕೂ ಸಾಮಾನ್ಯ ಸೊತ್ತಾಗಿ ನೋಡಿ ಅತಿ ಕೆಳಗಿನವರಿಗೆ ಕೊಡುತ್ತದೆ. ಆದರೆ ಆ ಅತಿ ಕೆಳಗಿನವನು ಪಟ್ಟಿಯಲ್ಲಿ ಕಡೆಗೆ ಬಂದ ತಂಡದ ಕೋಟ್ಯಧಿಪತಿ ಒಡೆಯ. ರಾಲ್ಸ್ ಸಹ ಹಂಚಲು ಹೇಳಿದ್ದು ಪ್ರತಿಭೆಯ ಗಳಿಕೆಯನ್ನು, ಪ್ರತಿಭಾವಂತನನ್ನಲ್ಲ. ಉದ್ಯೋಗವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಅವರು ಹಂಚಿಕೆಯ ಲೆಕ್ಕಕ್ಕಿಂತ ಮೊದಲು ಇಟ್ಟರು. ರಾಲ್ಸ್‌ಗೂ ನೋಝಿಕ್‌ಗೂ ಒಪ್ಪಿಗೆಯಾಗದ ವ್ಯವಸ್ಥೆಯೊಂದನ್ನು ಕಟ್ಟುವುದು ಸುಲಭದ ಕೆಲಸವಲ್ಲ.

ನನ್ನ ಈ ವಾದಕ್ಕೆ ಮೊದಲ ಆಕ್ಷೇಪಣೆ ಎಲ್ಲರ ಬಾಯಲ್ಲೂ ಬರುವಂಥದ್ದು: ಹತ್ತೊಂಬತ್ತರ ಹುಡುಗನಿಗೆ ಕೋಟಿಗಟ್ಟಲೆ ಡಾಲರ್ ಕೊಡುವಾಗ ಎಂಥ ಅನ್ಯಾಯ? ಅಲ್ಲದೆ ಆಟಗಾರರ ಸಂಘವೇ ಸಾಮೂಹಿಕ ಒಪ್ಪಂದದಲ್ಲಿ ಡ್ರಾಫ್ಟನ್ನು ಒಪ್ಪಿದೆಯಲ್ಲ? 1984ರಲ್ಲಿ ಫಿಲಡೆಲ್ಫಿಯಾ ಆಯ್ದ ಲಿಯಾನ್ ವುಡ್ ಇದನ್ನು ನ್ಯಾಯಾಲಯಕ್ಕೆ ಒಯ್ದರು. 1987ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ಯಾವುದೇ ಕಾರ್ಖಾನೆಗೆ ಹೊಸದಾಗಿ ಸೇರುವವನೂ ಹಿಂದಿನವರು ಮಾಡಿಕೊಂಡ ಒಪ್ಪಂದಕ್ಕೆ ಬದ್ಧನಾಗಿರುತ್ತಾನೆ ಎಂಬುದು ಅದರ ತರ್ಕದ ಸಾರ. (ವುಡ್ ಮುಂದೆ ಅದೇ ಲೀಗಿನಲ್ಲಿ ರೆಫರಿಯಾದರು. ನಿಯಮದ ವಿರುದ್ಧ ಸೋತವರು ನಿಯಮ ಪಾಲಿಸುವಂತೆ ನೋಡಿಕೊಳ್ಳುವವರಾದದ್ದು ಕಾದಂಬರಿಕಾರನೂ ಬರೆಯಲು ಹಿಂಜರಿಯುವಂಥ ತಿರುವು.) ಕಾನೂನಿನಲ್ಲಿ ಆ ತರ್ಕ ನಿಲ್ಲುತ್ತದೆ. ನೀತಿಯಲ್ಲಿ ಅದಕ್ಕೆ ಒಂದು ತೂತಿದೆ. ಕಾರ್ಖಾನೆಗೆ ಸೇರುವವನು ಕನಿಷ್ಠ ಯಾವ ಕಾರ್ಖಾನೆ ಎಂದು ತಾನೇ ತೀರ್ಮಾನಿಸಿರುತ್ತಾನೆ. ಮತ್ತು ಇಲ್ಲಿ ಒಪ್ಪಿಗೆ ಕೊಟ್ಟವರು ಈಗಾಗಲೇ ಒಳಗಿರುವವರು. ಅವರ ಹಿತ ಹೊಸಬರ ಹಿತಕ್ಕೆ ಎದುರಾಗಿಯೂ ಇರಬಹುದು. 1994ರಲ್ಲಿ ಮೊದಲು ಆಯ್ಕೆಯಾದ ಗ್ಲೆನ್ ರಾಬಿನ್ಸನ್ ಹತ್ತು ವರ್ಷಕ್ಕೆ 6.8 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಾಗ ಗೊಣಗಿದವರಲ್ಲಿ ಹಿರಿಯ ಆಟಗಾರರೂ ಇದ್ದರು. ಮರುವರ್ಷವೇ ಸಂಘದ ಒಪ್ಪಿಗೆಯೊಂದಿಗೆ ಹೊಸಬರ ಸಂಬಳಕ್ಕೆ ದರಪಟ್ಟಿ ನಿಗದಿಯಾಯಿತು. ಇನ್ನೂ ಬಾಗಿಲ ಹೊರಗಿರುವವನ ಪರವಾಗಿ ಒಳಗಿರುವವನು ಸಹಿ ಹಾಕಿದ್ದನ್ನು ಸಮ್ಮತಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ದುಡ್ಡಿನ ಮಾತಂತೂ ಪ್ರಶ್ನೆಗೆ ಉತ್ತರವೇ ಅಲ್ಲ. ಬೆಲೆ ಹೆಚ್ಚಾದಷ್ಟೂ ತಕರಾರು ಕಡಿಮೆಯಾಗಬಹುದು, ಹಕ್ಕು ಕಡಿಮೆಯಾಗುವುದಿಲ್ಲ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು. ಡ್ರಾಫ್ಟ್ ಇಲ್ಲದಿದ್ದರೆ ಒಳ್ಳೆಯವರೆಲ್ಲ ನ್ಯೂಯಾರ್ಕಿಗೋ ಲಾಸ್ ಏಂಜಲೀಸಿಗೋ ಹೋಗುತ್ತಾರೆ, ಸಣ್ಣ ಊರುಗಳ ಜನಕ್ಕೆ ಆಸೆಯೇ ಉಳಿಯುವುದಿಲ್ಲ. 1999ರಲ್ಲಿ ವ್ಯಾಂಕೂವರ್ ಎರಡನೆಯದಾಗಿ ಆಯ್ದ ಸ್ಟೀವ್ ಫ್ರಾನ್ಸಿಸ್ ಅಲ್ಲಿಗೆ ಹೋಗಲಾರೆನೆಂದು ಹಟ ಹಿಡಿದು ಹ್ಯೂಸ್ಟನ್ ಸೇರಿದರು. ಎರಡು ವರ್ಷದಲ್ಲಿ ಆ ತಂಡವೇ ಊರು ಬಿಟ್ಟು ಮೆಂಫಿಸ್‌ಗೆ ಹೋಯಿತು. ವ್ಯಾಂಕೂವರಿನ ಜನರ ನೋವು ಸುಳ್ಳಲ್ಲ, ಆ ನೋವಿಗೂ ನೈತಿಕ ತೂಕವಿದೆ. ಆದರೆ ಸಮತೋಲ ತರುವ ಹೊರೆಯನ್ನು ಡ್ರಾಫ್ಟ್ ನಿಜಕ್ಕೂ ಹೊತ್ತಿದೆಯೇ? ಡ್ರಾಫ್ಟ್ ಇದ್ದಾಗಲೇ, 1957ರಿಂದ 1969ರ ನಡುವಿನ 13 ಋತುಗಳಲ್ಲಿ ಬಾಸ್ಟನ್ 11 ಸಲ ಚಾಂಪಿಯನ್ ಆಯಿತು. ಅದರ ಮೂಲಸ್ತಂಭ ಬಿಲ್ ರಸೆಲ್ ಅವರನ್ನು 1956ರಲ್ಲಿ ಆಯ್ದದ್ದು ಸೇಂಟ್ ಲೂಯಿಸ್, ಬಾಸ್ಟನ್ ಅವರನ್ನು ವಿನಿಮಯದಲ್ಲಿ ಪಡೆಯಿತು. 2014ರಲ್ಲಿ 41ನೆಯವರಾಗಿ ಆಯ್ಕೆಯಾದ ನಿಕೊಲಾ ಯೋಕಿಚ್ ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರರಾದರು. ಸರದಿಯಲ್ಲಿ ಮುಂದಿದ್ದವರಿಗೆ ಅದು ಕಾಣಲಿಲ್ಲ. ತಂಡಗಳ ನಡುವಿನ ಅಂತರವನ್ನು ನೇರವಾಗಿ ತಡೆಯುವುದು 1984–85ರಲ್ಲಿ ಬಂದ ಸಂಬಳದ ಮಿತಿ ಮತ್ತು ಆದಾಯದ ಹಂಚಿಕೆ. ಅವೆರಡೂ ಒಡೆಯರ ದುಡ್ಡಿನ ಮೇಲೆ ಕೈ ಹಾಕುತ್ತವೆ, ಯಾವ ಯುವಕನನ್ನೂ ಒಂದು ಊರಿಗೆ ಕಟ್ಟುವುದಿಲ್ಲ. ಸಮಾನತೆ ಬೇಕಾದವರು ಮೊದಲು ಆ ದಾರಿಯನ್ನು ಪೂರ್ತಿ ನಡೆದು ನೋಡಬೇಕು.

ಮೂರನೆಯದು ನಮ್ಮ ಕಡೆಯಿಂದಲೇ ಬರುವ ಆಕ್ಷೇಪಣೆ. ಯಾವ ಹೊಟ್ಟೆಯಲ್ಲಿ, ಯಾವ ಊರಲ್ಲಿ ಹುಟ್ಟಬೇಕೆಂದು ಯಾರು ಆರಿಸಿಕೊಂಡಿದ್ದಾರೆ? ಆರಿಸಿಕೊಳ್ಳದ ನಂಟೇ ಎಷ್ಟೋ ಸಲ ಆಳವಾದ ನಂಟಾಗುತ್ತದೆ. ಇದಕ್ಕೆ ಬೆಂಗಳೂರಿನಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. 2008ರ ಮೊದಲ ಐಪಿಎಲ್‌ನಲ್ಲಿ ಹಿರಿಯರಿಗೆ ಹರಾಜಿತ್ತು; 19ರೊಳಗಿನ ತಂಡದ ಹುಡುಗರನ್ನು ಮಾತ್ರ ಡ್ರಾಫ್ಟ್ ಮಾಡಲಾಯಿತು. ದೆಹಲಿ ತನ್ನೂರಿನ ವಿರಾಟ್ ಕೊಹ್ಲಿಯವರನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆಯ್ದಿತು. ಕೊಹ್ಲಿ ಬೆಂಗಳೂರಿನ ಪಾಲಾದರು. ಆಮೇಲಿನದು ಕನ್ನಡಿಗರಿಗೆ ಹೇಳಬೇಕಾದ ಕಥೆಯಲ್ಲ. ಅದನ್ನು ಋಣಾನುಬಂಧ ಎನ್ನುವವರೊಂದಿಗೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಆ ನಂಟನ್ನು ಕಟ್ಟಿದ್ದು ಮೊದಲ ದಿನದ ಸರದಿಯಲ್ಲ, ಆಮೇಲೆ ವರ್ಷವರ್ಷವೂ ಎರಡೂ ಕಡೆಯಿಂದ ಬಂದ ಒಪ್ಪಿಗೆ. ಹುಟ್ಟಿನ ಹೋಲಿಕೆಯೂ ಪೂರ್ತಿ ನಿಲ್ಲುವುದಿಲ್ಲ. ಹುಟ್ಟನ್ನು ನಮಗೆ ಯಾರೂ ಸಭೆ ಸೇರಿ ಹಂಚಿಲ್ಲ. ಡ್ರಾಫ್ಟನ್ನು ಹೆಸರು ವಿಳಾಸ ಇರುವವರು ಕೂತು ಬರೆದಿದ್ದಾರೆ, ಬೇಕಾದಾಗ ಬದಲಿಸಿದ್ದಾರೆ. ತಾನಾಗಿ ಒದಗಿದ್ದಕ್ಕೆ ತಾಳ್ಮೆ ಒಂದು ಗುಣವಾಗಬಹುದು. ಮನುಷ್ಯರು ಮಾಡಿಟ್ಟದ್ದಕ್ಕೂ ಹಣೆಬರಹವೆಂದು ಹೆಸರಿಡುವುದರ ಪರಿಣಾಮವೇನು ಎಂಬುದು ಜಾತಿಯ ಚರಿತ್ರೆ ಬಲ್ಲ ನಾಡಿಗೆ ಚೆನ್ನಾಗಿ ಗೊತ್ತು. ಹನ್ನೆರಡನೆಯ ಶತಮಾನದ ಶರಣರು ಎತ್ತಿದ ತಕರಾರು ಇದೇ ಜಾಗಕ್ಕೆ ಸೇರಿದ್ದು.

ಬೇರೆ ದಾರಿ ಇಲ್ಲವೆಂದಲ್ಲ. ಅದೇ ಅಮೆರಿಕದಲ್ಲಿ 1952ರಿಂದ ಹೊಸ ವೈದ್ಯರು ತರಬೇತಿಗೆ ಬೇಕಾದ ಆಸ್ಪತ್ರೆಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುತ್ತಾರೆ, ಆಸ್ಪತ್ರೆಗಳೂ ವೈದ್ಯರನ್ನು ಬರೆದುಕೊಡುತ್ತವೆ, ಎರಡು ಪಟ್ಟಿಗಳನ್ನು ಹೊಂದಿಸಿ ಜೋಡಿ ಮಾಡಲಾಗುತ್ತದೆ. ಇದರ ಗಣಿತಕ್ಕೆ ಸಂಬಂಧಿಸಿದ ಕೆಲಸಕ್ಕಾಗಿ ಲಾಯ್ಡ್ ಶ್ಯಾಪ್ಲಿ ಮತ್ತು ಆಲ್ವಿನ್ ರಾತ್ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಸಿಇಟಿಯಲ್ಲಿ ಆಪ್ಷನ್ ಎಂಟ್ರಿ ಮಾಡಿದ ಯಾವ ಕನ್ನಡದ ಹುಡುಗಿಗೂ ಇದರ ಅರ್ಧ ಭಾಗ ಹೇಳಿಕೊಡಬೇಕಾಗಿಲ್ಲ. ವೈದ್ಯರ ಪದ್ಧತಿಯೂ ನಿರ್ದೋಷಿಯಲ್ಲ. ಸಂಬಳವನ್ನು ಒತ್ತಿಹಿಡಿಯುತ್ತದೆ ಎಂದು ಅದರ ಮೇಲೂ ಮೊಕದ್ದಮೆ ನಡೆದಿದೆ, ಹಳ್ಳಿಗಾಡಿನ ಆಸ್ಪತ್ರೆಗಳ ಕೊರತೆಯನ್ನು ಅದು ನೀಗಿಸಲಾರದು. ಆದರೂ ಅಲ್ಲಿ ಹೋಗುವವನ ಕೈಬರಹ ಒಂದು ಕಾಗದದ ಮೇಲಾದರೂ ಇರುತ್ತದೆ. ತಂಡವೊಂದು ಇಬ್ಬರಿಗೆ ಸಮ ಒಲವು ತೋರಿದಲ್ಲಿ, ಆಟಗಾರನೊಬ್ಬನಿಗೆ ಎರಡು ಊರೂ ಒಂದೇ ಎನಿಸಿದಲ್ಲಿ ಚೀಟಿ ಎತ್ತಲಿ. ಅದು ಅದರ ಸಹಜ ಜಾಗ.

ಈಗಿನ ಡ್ರಾಫ್ಟಿನೊಳಗೇ ಒಂದು ಮೂಲೆಯಲ್ಲಿ ಆಯ್ಕೆಯ ಸ್ವಾತಂತ್ರ್ಯ ಉಳಿದುಕೊಂಡಿದೆ. ಎರಡು ಸುತ್ತು ಮುಗಿದು, ಸುಮಾರು 60 ಹೆಸರು ಕರೆದಾದ ಮೇಲೆ, ಯಾರೂ ಕರೆಯದೆ ಉಳಿದ ಹುಡುಗ ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ 52ನೆಯವರಾಗಿ ಡಲ್ಲಾಸ್‌ಗೆ ಆಯ್ಕೆಯಾದಾಗ, ಡ್ರಾಫ್ಟ್ ಆದ ಮೊದಲ ಭಾರತ ಸಂಜಾತರೆಂದು ಇಲ್ಲಿ ಸಂಭ್ರಮಿಸಲಾಯಿತು. ಅವರಿಗೆ ಎನ್‌ಬಿಎ ಪಂದ್ಯವಾಡುವ ಅವಕಾಶ ಒದಗಲಿಲ್ಲ. ಅವರಿಗಿಂತ ಕೆಲವೇ ತಿಂಗಳು ಮುಂಚೆ ಭಾರತೀಯ ಮೂಲದ ಮೊದಲ ಆಟಗಾರರಾಗಿ ಅಂಗಳಕ್ಕಿಳಿದ ಸಿಮ್ ಭುಲ್ಲರ್ ಅವರನ್ನು ಯಾವ ತಂಡವೂ ಡ್ರಾಫ್ಟಿನಲ್ಲಿ ಕರೆದಿರಲಿಲ್ಲ. 2016ರಲ್ಲಿ ಯಾರೂ ಹೆಸರಿಸದ ಫ್ರೆಡ್ ವ್ಯಾನ್‌ವ್ಲೀಟ್ ಟೊರೊಂಟೊ ಸೇರಿ 2019ರಲ್ಲಿ ಚಾಂಪಿಯನ್ ತಂಡದಲ್ಲಿದ್ದರು. ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಆಟಗಾರರ ಏಜೆಂಟರು ತಂಡಗಳಿಗೆ ಫೋನು ಮಾಡಿ, ದಯವಿಟ್ಟು ನಮ್ಮ ಹುಡುಗನ ಹೆಸರು ಕರೆಯಬೇಡಿ ಎಂದು ಕೇಳಿಕೊಳ್ಳುವುದು ಈಗ ರೂಢಿಯಾಗಿದೆ.